ನಾನು ಕೊಟ್ಟ ಹಕಾರ

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಪುಟ್ಟ ಹೋಟೆಲಿದೆ. ಅದರ ಗೋಡೆಯ ಮೇಲೆ ‘ಕೈ ತೊಳೆಯುವ ಜಾಗ ಇಂದುಗಡೆ’ ಎಂದು ನೀಲಿ ಬಣ್ಣದಲ್ಲಿ ಬರೆದಿದ್ದಾರೆ. ಪಕ್ಕದಲ್ಲೇ ಅದನ್ನು ಮಲಯಾಳದಲ್ಲೂ ಬರೆದಿದ್ದಾರೆ, ವಯನಾಡಿನ ಕಡೆಯಿಂದ ಬರುವವರ ಅನುಕೂಲಕ್ಕೆ. ಮಲಯಾಳದ್ದು ಸರಿಯೋ ತಪ್ಪೋ ಓದಲು ನನಗೆ ಬರುವುದಿಲ್ಲ, ಹಾಗಾಗಿ ಅದರ ತಂಟೆಗೆ ಹೋಗಲಿಲ್ಲ. ಆದರೆ ಆ ‘ಇಂದುಗಡೆ’ ಇದೆಯಲ್ಲ, ಮೊನ್ನೆ ಅದನ್ನು ಕಂಡ ಕೂಡಲೇ ನನ್ನ ಕೈ ತಾನಾಗಿ ಚೀಲದೊಳಗಿನ ಕೆಂಪು ಪೆನ್ನನ್ನು ಹುಡುಕಿತು.

ಇದೊಂದು ಕಾಯಿಲೆ. ಇಪ್ಪತ್ತಾರು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರಿಗೆ ಮಾತ್ರ ಬರುವಂಥದ್ದು. ಮದುವೆ ಕರೆಯೋಲೆ ಬಂದರೆ ನಾನು ಮೊದಲು ಮುಹೂರ್ತ ನೋಡುವುದಿಲ್ಲ, ಕಾಗುಣಿತ ನೋಡುತ್ತೇನೆ. ಮದುವೆಗೆ ಮುಂಚೆ ನಮ್ಮ ಯಜಮಾನರು ಬರೆದ ಮೊದಲ ಪತ್ರದಲ್ಲಿ ಮೂರು ತಪ್ಪುಗಳಿದ್ದವು. ತಿದ್ದಿ, ಕೆಳಗೆ ಸಹಿ ಹಾಕಿ ವಾಪಸ್ ಕಳಿಸಿದ್ದೆ. ಆಮೇಲೆ ಅವರು ಪತ್ರ ಬರೆಯಲೇ ಇಲ್ಲ, ಏನಿದ್ದರೂ ಫೋನ್ ಮಾಡಿದರು.

ಇಂಥ ನಾನು ಮೊನ್ನೆ ಹೋಟೆಲಿನ ಗೋಡೆಯ ಮುಂದೆ ನಿಂತು, ಪೆನ್ನು ಬಿಟ್ಟು, ಸುಮ್ಮನೆ ಹಿಂದುಗಡೆ ಹೋಗಿ ಕೈ ತೊಳೆದುಕೊಂಡು ಬಂದೆ. ಅದಕ್ಕೆ ಕಾರಣ ಒಬ್ಬಳು ಹುಡುಗಿ. ಅವಳಿಗೆ ಹೋದ ವರ್ಷ ಇಂಜಿನಿಯರಿಂಗ್ ಸೀಟು ಸಿಕ್ಕಿದ ಕಥೆಯನ್ನು, ಅಂದರೆ ನನ್ನ ದೆಸೆಯಿಂದ ಅದು ತಪ್ಪಿಹೋಗುತ್ತಿದ್ದ ಕಥೆಯನ್ನು ನಿಮಗೆ ಹೇಳಬೇಕು. ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಚಾಮರಾಜನಗರದ ಕಡೆ ‘ಹ’ ಎನ್ನುವ ಅಕ್ಷರಕ್ಕೆ ಪುಸ್ತಕದಲ್ಲಿ ಮಾತ್ರ ವಾಸ. ಬಾಯಿಗೆ ಅದು ಬರುವುದೇ ಇಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹರವೆ ಎನ್ನುವ ಊರು ಬಸ್ಸಿನ ಕಂಡಕ್ಟರ್ ಬಾಯಲ್ಲಿ ಅರವೆಯಾಗುತ್ತದೆ. ನಾನು ಪಾಠ ಹೇಳಲು ಹೋದ ಶಾಲೆಯೂ ಆ ಹರವೆಯ ಕಡೆಯ ಒಂದು ಹಳ್ಳಿಯಲ್ಲೇ ಇತ್ತು. ಅಲ್ಲಿ ನನ್ನ ಮುಖ್ಯ ಯುದ್ಧವೇ ಈ ಹಕಾರದ ಯುದ್ಧ. ‘ಬಾಯಿ ಮುಂದೆ ಅಂಗೈ ಹಿಡೀರಿ, ಹ ಅನ್ನಿ, ಅಂಗೈಗೆ ಬೆಚ್ಚಗೆ ಆಗ್ಬೇಕು’ ಎಂದು ಇಡೀ ತರಗತಿಯನ್ನು ನಿಲ್ಲಿಸಿ ಊದಿಸುತ್ತಿದ್ದೆ. ಮಕ್ಕಳು ಪಾಪ, ನನ್ನ ಭಯಕ್ಕೆ ಎಲ್ಲೆಂದರಲ್ಲಿ ಹಕಾರ ಹಚ್ಚಲು ಶುರು ಮಾಡಿದರು. ಒಬ್ಬ ಹುಡುಗ ಪ್ರಬಂಧದಲ್ಲಿ ‘ನಮ್ಮ ಮನೆಯಲ್ಲಿ ಎರಡು ಅಸು, ಒಂದು ಹೆಮ್ಮೆ ಇವೆ’ ಎಂದು ಬರೆದಿದ್ದ. ಕೆಂಪು ಗೆರೆ ಎಳೆದ ಮೇಲೆ ಯೋಚಿಸಿದೆ, ಅವರ ಮನೆಯ ಎಮ್ಮೆಯನ್ನು ನಾನು ನೋಡಿದ್ದೆ, ಅವನು ಬರೆದದ್ದು ಪೂರ್ತಿ ತಪ್ಪೇನೂ ಆಗಿರಲಿಲ್ಲ.

ಇಷ್ಟೊಂದು ಜೋರು ಮಾಡುತ್ತಿದ್ದ ನಾನೇನು ಬೇರೆ ಸೀಮೆಯವಳೇ? ನಾನು ಹುಟ್ಟಿದ್ದು ಚಂದಕವಾಡಿಯಲ್ಲಿ. ಓದಲು ಮೈಸೂರಿನ ಹಾಸ್ಟೆಲಿಗೆ ಸೇರಿದ ಮೊದಲ ವಾರ, ‘ಆಸ್ಟ್ಲು ಊಟ ಚೆಂದಾಗದೆ’ ಎಂದು ಬಾಯಿ ಬಿಟ್ಟೆ ನೋಡಿ, ಊಟದ ಮನೆಯಲ್ಲಿದ್ದ ಹುಡುಗಿಯರೆಲ್ಲ ನಕ್ಕರು. ಒಂದು ವರ್ಷ ನನಗೆ ಆಸ್ಟ್ಲು ಅಂತಲೇ ಹೆಸರಾಯಿತು. ನಾನು ಹಠ ಹಿಡಿದು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಹ ಹಾ ಹಿ ಹೀ ಅಭ್ಯಾಸ ಮಾಡಿ ಗೆದ್ದೆ. ರಜೆಗೆ ಊರಿಗೆ ಬಂದಾಗ ಅವ್ವನ ಹತ್ತಿರವೂ ಹಾಗೇ ಮಾತಾಡಿದೆ. ಅವಳು ಮುದ್ದೆ ಇಕ್ಕುತ್ತಿದ್ದವಳು ನಿಂತು, ‘ಯಾಕಮ್ಮಿ, ನೆಂಟ್ರ ತರ ಮಾತಾಡಿಯೆ?’ ಎಂದು ಕೇಳಿದಳು. ನಾನು ಆಗ ನಕ್ಕೆ. ಈಗ ಅವ್ವ ಇಲ್ಲ, ಅದನ್ನು ನೆನೆದರೆ ನಗು ಬರುವುದಿಲ್ಲ.

ಇರಲಿ, ಹುಡುಗಿಯ ವಿಷಯಕ್ಕೆ ಬರುತ್ತೇನೆ. ಎಂಟನೇ ತರಗತಿಗೆ ಸೇರಿಸಲು ಅವಳನ್ನು ತಾತ ಕರೆದುಕೊಂಡು ಬಂದಿದ್ದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಹೆಸರು ಮಹದೇವಪ್ಪ. ಆ ವರ್ಷ ನಮ್ಮಲ್ಲಿ ಗುಮಾಸ್ತರ ಜಾಗ ಖಾಲಿಯಿತ್ತು, ದಾಖಲಾತಿ ಪುಸ್ತಕ ನನ್ನ ಮೇಜಿನ ಮೇಲಿತ್ತು. ಹೆಸರು ಕೇಳಿದೆ.

‘ಏಮಲತ ಕಣ್ರವ್ವ’ ಅಂದರು ತಾತ.

ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರ ನೋಡಿದೆ. ಅದರಲ್ಲೂ ದುಂಡಗೆ ‘ಏಮಲತ’ ಎಂದೇ ಇತ್ತು. ಒಂದನೇ ತರಗತಿಗೆ ಸೇರಿಸುವಾಗ ತಾತ ಹೇಳಿದ್ದಾರೆ, ಅಲ್ಲಿಯ ಮೇಷ್ಟ್ರು ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿದ್ದಾರೆ, ಅಷ್ಟೇ.

‘ಏಮ ಅಂದ್ರೆ ಏನೂ ಅರ್ಥ ಇಲ್ಲ ತಾತ. ಹೇಮ ಅಂದ್ರೆ ಚಿನ್ನ. ಹೇಮಲತಾ ಅಂದ್ರೆ ಚಿನ್ನದ ಬಳ್ಳಿ.’

‘ಊಂ, ಅದೇ ಕಣ್ರವ್ವ. ನಾನೂ ಅದ್ನೇ ಏಳ್ತಿರೋದು.’

ನಾನು ಧಾರಾಳವಾಗಿ ನಕ್ಕು, ದಾಖಲಾತಿ ಪುಸ್ತಕದಲ್ಲಿ ‘ಹೇಮಲತಾ’ ಎಂದು ಬರೆದೆ. ಕೊನೆಯ ದೀರ್ಘವನ್ನೂ ಬಿಡಲಿಲ್ಲ. ಹುಡುಗಿ ಇಣುಕಿ ನೋಡಿ ಕಣ್ಣರಳಿಸಿದಳು. ಹತ್ತನೇ ತರಗತಿಯ ಅಂಕಪಟ್ಟಿ, ಪಿಯುಸಿ, ಆಮೇಲಿನದೆಲ್ಲ ಆ ಹೆಸರಿನಲ್ಲೇ ಬಂತು. ಒಂದು ಮಗುವಿಗೆ ಸರಿಯಾದ ಹೆಸರು ಕೊಟ್ಟೆ ಎಂದು ನಾನು ಅವತ್ತು ಸಂಜೆ ಬಸ್ಸಿನಲ್ಲಿ ಬೀಗಿಕೊಂಡೇ ಬಂದೆ. ಮರು ವರ್ಷಗಳಲ್ಲಿ ಅವಳು ತರಗತಿಗೆ ಮೊದಲಿಗಳಾದಳು, ಹಕಾರದಲ್ಲೂ ಮೊದಲಿಗಳಾದಳು. ಆಮೇಲೆ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು.

ಹೋದ ವರ್ಷ ಒಂದು ಮಂಗಳವಾರ ಮಧ್ಯಾಹ್ನ ಫೋನ್ ಬಂತು. ‘ಮಿಸ್, ನಾನು ಹೇಮಲತಾ’ ಎಂದು ಶುರು ಮಾಡಿದವಳು ಅಷ್ಟಕ್ಕೇ ಅಳಲು ಶುರು ಮಾಡಿದಳು.

ಸಿಇಟಿ ಎಂದರೆ ಪರೀಕ್ಷೆ ಬರೆದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ನೀವು ನನಗಿಂತ ಬಲ್ಲವರು. ಪರೀಕ್ಷೆ ಆದ ಮೇಲೆ ರ್‍ಯಾಂಕು. ರ್‍ಯಾಂಕ್ ಬಂದ ಮೇಲೆ ದಾಖಲೆಗಳ ಪರಿಶೀಲನೆ. ಅದಾದ ಮೇಲೆ ಯಾವ ಕಾಲೇಜು, ಯಾವ ವಿಭಾಗ ಎಂದು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬುವ ಆಪ್ಷನ್ ಎಂಟ್ರಿ. ಆಮೇಲೆ ಅಣಕು ಸೀಟು ಹಂಚಿಕೆ ಎಂದು ಒಂದು. ಮಕ್ಕಳನ್ನು ಅಣಕಿಸುವುದಕ್ಕೂ ಸರ್ಕಾರ ಒಂದು ದಿನ ಗೊತ್ತು ಮಾಡಿದೆಯಲ್ಲ ಎಂದು ನನಗೆ ಆಶ್ಚರ್ಯ. ಇದೆಲ್ಲ ಆದ ಮೇಲೆ ನಿಜವಾದ ಹಂಚಿಕೆ.

ಹೇಮಲತಾಗೆ ಬೇಕಾಗಿದ್ದದ್ದು ಒಂದೇ, ಸಿವಿಲ್ ಇಂಜಿನಿಯರಿಂಗ್. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ರಸ್ತೆ ಅಗಲ ಮಾಡುವವರು ಊರಿಗೆ ಬಂದು ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿದ್ದರಂತೆ. ಅದರಲ್ಲೊಬ್ಬ ಇಂಜಿನಿಯರಮ್ಮ ಇವಳನ್ನು ಕರೆದು ಕಣ್ಣಿಟ್ಟು ನೋಡಲು ಬಿಟ್ಟರಂತೆ. ‘ಅಷ್ಟು ದೂರದಿಂದ ನಮ್ಮನೆ ಹೆಂಚು ಒಂದೊಂದೂ ಕಾಣ್ತಿತ್ತು ಮಿಸ್, ಒಂದು ಒಡೆದಿತ್ತು, ಅದೂ ಕಾಣ್ತು’ ಎಂದು ಮಾರನೆಯ ದಿನ ಬಂದು ಹೇಳಿದ್ದಳು. ಅವತ್ತಿನಿಂದ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅವಳಪ್ಪನದು ಒಂದು ಷರತ್ತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಂಥ ಕಾಲೇಜಾದರೆ ಓದಲಿ, ಇಲ್ಲವಾದರೆ ಬಿಎಸ್ಸಿ. ಅಂಥದ್ದು ಇರುವುದು ಚಾಮರಾಜನಗರದ ಸರ್ಕಾರಿ ಕಾಲೇಜು ಒಂದೇ. ಸೈಬರ್ ಸೆಂಟರಿನ ಅಕ್ಕ ಹಿಂದಿನ ವರ್ಷದ ಪಟ್ಟಿ ತೆಗೆದು ನೋಡಿ ಹೇಳಿದ್ದಳಂತೆ, ಗ್ರಾಮೀಣ ಮೀಸಲಾತಿ ಇದ್ದರೆ ಈ ರ್‍ಯಾಂಕಿಗೆ ಅಲ್ಲಿ ಸಿವಿಲ್ ಸಿಗಬಹುದು, ಇಲ್ಲದಿದ್ದರೆ ಆಸೆ ಬಿಡು ಅಂತ.

ಗ್ರಾಮೀಣ ಮೀಸಲಾತಿ ಎಂದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿರಬೇಕು. ಅವಳು ಹಳ್ಳಿ ಬಿಟ್ಟು ಎಲ್ಲಿ ಓದಿದ್ದಳು? ಆದರೆ ಎರಡು ಶಾಲೆಯ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆಯವರು ತಮ್ಮ ಪುಸ್ತಕದಲ್ಲಿ ಇದ್ದದ್ದನ್ನೇ ಬರೆದುಕೊಟ್ಟರು, ‘ಏಮಲತ, ಒಂದರಿಂದ ಏಳು’. ಹೈಸ್ಕೂಲಿನವರೂ ಇದ್ದದ್ದನ್ನೇ ಬರೆದುಕೊಟ್ಟರು, ‘ಹೇಮಲತಾ, ಎಂಟರಿಂದ ಹತ್ತು’. ಇಬ್ಬರದೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಚೆಂದ, ಒಂದು ವೈ ಅಕ್ಷರದಿಂದ ಶುರುವಾದರೆ ಇನ್ನೊಂದು ಎಚ್ ಅಕ್ಷರದಿಂದ. ಅಂದರೆ ಏಮಲತ ಎಂಬ ಹುಡುಗಿ ಏಳು ವರ್ಷ ಓದಿ ಎಲ್ಲಿಗೋ ಹೊರಟುಹೋದಳು, ಹೇಮಲತಾ ಎಂಬ ಇನ್ನೊಬ್ಬಳು ಸೀದಾ ಎಂಟನೇ ತರಗತಿಗೆ ಆಕಾಶದಿಂದ ಇಳಿದಳು. ಹತ್ತು ವರ್ಷ ಹಳ್ಳಿಯಲ್ಲಿ ಓದಿದವರು ಇಬ್ಬರಲ್ಲಿ ಯಾರೂ ಇಲ್ಲ.

‘ಶುಕ್ರವಾರ ಪರಿಶೀಲನೆ ಮಿಸ್. ಅಷ್ಟರಲ್ಲಿ ಬಿಇಒ ಸಾಹೇಬ್ರು ಎರಡೂ ಒಬ್ಬಳೇ ಅಂತ ಒಪ್ಪಿ ಸೈನ್ ಹಾಕ್ಬೇಕು. ಇಲ್ದಿದ್ರೆ ಗ್ರಾಮೀಣ ಇಲ್ವಂತೆ’ ಎಂದಳು ಅಳುವಿನ ನಡುವೆ. ಅಷ್ಟು ಅಳುವಿನಲ್ಲೂ ಒಂದು ಹಕಾರವೂ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು. ನಿಜ ಹೇಳುತ್ತೇನೆ, ನಾನು ಮಾಡಿದ ಕೆಲಸಕ್ಕೆ ನನಗೇ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಮಾರನೆಯ ದಿನ ರಜೆ ಹಾಕಿ ತೆರಕಣಾಂಬಿ ಮಾರ್ಗದ ಚಾಮರಾಜನಗರದ ಬಸ್ಸು ಹತ್ತಿದೆ. ತಪ್ಪು ಯಾರದೆಂದು ಬರೆದ ಪತ್ರ ಚೀಲದಲ್ಲಿತ್ತು. ಎಷ್ಟೋ ಮಕ್ಕಳಿಗೆ ತಪ್ಪೊಪ್ಪಿಗೆ ಪತ್ರ ಬರೆಸಿದ್ದೇನೆ, ಇದು ನಾನೇ ಬರೆದದ್ದು. ನಾಲ್ಕು ಸಲ ಹರಿದು ಐದನೆಯ ಸಲ ಸರಿ ಬಂತು. ‘ಉಚ್ಚಾರಣೆಯನ್ನು ತಿದ್ದುವ ಉತ್ಸಾಹದಲ್ಲಿ, ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ, ದಾಖಲಾತಿಯಲ್ಲಿ ಹೆಸರನ್ನು ಬದಲಿಸಿ ಬರೆದವಳು ನಾನೇ.’ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲಗಳು ಹಳದಿಯಾಗಿ ನಿಂತಿದ್ದವು. ಬೇರೆ ದಿನವಾಗಿದ್ದರೆ ಕಿಟಕಿಯಲ್ಲಿ ಕಣ್ಣಿಟ್ಟು ಕೂರುತ್ತಿದ್ದೆ. ಅವತ್ತು ದಾರಿಯುದ್ದಕ್ಕೂ ಪತ್ರವನ್ನೇ ಓದಿಕೊಂಡೆ, ಅದರಲ್ಲೂ ಒಂದು ಅಲ್ಪವಿರಾಮ ತಪ್ಪಿತ್ತು.

ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಬೆಂಚಿನ ಮೇಲೆ ತಾತ, ಮೊಮ್ಮಗಳು ಕೂತಿದ್ದರು. ನನ್ನನ್ನು ಕಂಡು ತಾತ ಎದ್ದು ಟವೆಲ್ಲಿನಿಂದ ಬೆಂಚು ಒರೆಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ‘ಕುಂತ್ಕಳಿ ಮಿಸ್ಸು, ಕಾಪಿ ತರ್ಲಾ?’ ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಾಹೇಬರು ಮೈಸೂರಿನ ಕಡೆಯವರು, ನಿಧಾನಸ್ಥರು. ಎರಡು ಪ್ರಮಾಣಪತ್ರ, ನೋಟರಿಯ ಅಫಿಡವಿಟ್ಟು, ನನ್ನ ಪತ್ರ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಓದಿದರು.

‘ಮೇಡಂ, ನೀವು ತಿದ್ದಿದ್ದು ಅಂತ ಒಪ್ಪಿಕೊಂಡಿದ್ದೀರಿ. ಸಂತೋಷ. ಆದರೆ ಅವಳೇ ಇವಳು ಅಂತ ನನಗೆ ಮನವರಿಕೆ ಆಗ್ಬೇಕಲ್ಲ? ನಾಳೆ ಯಾರಾದರೂ ಆಕ್ಷೇಪಣೆ ಎತ್ತಿದರೆ ಉತ್ತರ ಹೇಳೋನು ನಾನು. ಬೇರೆ ಯಾವುದೋ ಮಗುವಿನ ಸೀಟು ಇದರಿಂದ ಹೋಗಬಾರದು.’

ಅವರು ಹೇಳಿದ್ದು ನ್ಯಾಯವೇ. ಹೇಮಲತಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಸಾಹೇಬರು ತಾತನ ಕಡೆ ತಿರುಗಿದರು.

‘ಯಜಮಾನ್ರೇ, ಈ ಹುಡುಗಿ ನಿಮಗೇನಾಗ್ಬೇಕು?’

‘ಮೊಮ್ಮಗ್ಳು ಸಾ. ನನ್ ಮಗನ್ ಮಗ್ಳು.’

‘ಹೆಸರೇನು?’

‘ಏಮಲತ.’

‘ಸರಿ. ಹೈಸ್ಕೂಲಿನಲ್ಲಿ ಬೇರೆ ಹೆಸರು ಬರೆಸಿದ್ದೀರಲ್ಲ, ಅದೇನು?’

‘ಬ್ಯಾರೆ ಎಸ್ರಾ? ಬ್ಯಾರೆ ಯಾಕ್ ಬರಸ್ಲಿ ಸಾ? ಏಮಲತ ಅಂತ್ಲೇ ಬರ್ಸಿರೋದು.’

ಸಾಹೇಬರು ಕನ್ನಡಕ ತೆಗೆದರು. ‘ಸರಿಯಾಗಿ ಕೇಳಿಸ್ಕೊಳ್ಳಿ. ಒಂದು ಹೇಮಲತಾ. ಇನ್ನೊಂದು ಏಮಲತ. ಇವೆರಡರಲ್ಲಿ ನಿಮ್ಮ ಮೊಮ್ಮಗಳ ಹೆಸರು ಯಾವುದು?’

ತಾತ ಸಾಹೇಬರ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರ ಮುಖದಲ್ಲಿ ನಿಜವಾದ ಗಲಿಬಿಲಿಯಿತ್ತು. ‘ಎಲ್ಡು ಸಲ ಒಂದೇ ಎಸ್ರು ಏಳುದ್ರಲ್ಲ ಸಾ’ ಎಂದರು.

ಸಾಹೇಬರು ಬಿಡಲಿಲ್ಲ. ‘ಹೇ... ಹೇ... ಹೇಮಲತಾ’ ಎಂದು ಒತ್ತಿ ಹೇಳಿದರು. ತಾತ ಅದಕ್ಕೆ ತಲೆದೂಗಿ, ಅಷ್ಟೇ ಒತ್ತಿ ‘ಏ... ಏ... ಏಮಲತ. ಅದೇ ಕಣ್ ಸಾ, ಇವ್ಳೇ’ ಎಂದು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು.

ಮೊದಲು ನಕ್ಕವರು ಸಾಹೇಬರು. ಆಮೇಲೆ ಪಕ್ಕದ ಮೇಜಿನವರು. ನಾನು ನಗಲಿಲ್ಲ. ನನ್ನ ಪತ್ರ, ಅಫಿಡವಿಟ್ಟು, ಮೊಹರು ಯಾವುದೂ ಮಾಡದ ಕೆಲಸವನ್ನು ತಾತನ ನಾಲಿಗೆ ಮಾಡಿತ್ತು. ಯಾವ ಹಕಾರ ಇಲ್ಲ ಎಂದು ನಾನು ಇಪ್ಪತ್ತಾರು ವರ್ಷ ಗದರಿಕೊಂಡು ಬಂದೆನೋ, ಆ ಇಲ್ಲದ ಹಕಾರವೇ ಎದುರು ನಿಂತು ಸಾಕ್ಷಿ ಹೇಳಿತು. ಸಾಹೇಬರು ಪೆನ್ನು ತೆಗೆದು, ‘ಸ್ಥಳೀಯ ಉಚ್ಚಾರಣೆಯಿಂದ ಆದ ವ್ಯತ್ಯಾಸ, ಪೋಷಕರನ್ನು ಖುದ್ದಾಗಿ ವಿಚಾರಿಸಲಾಗಿದೆ, ಇಬ್ಬರೂ ಒಬ್ಬಳೇ ವಿದ್ಯಾರ್ಥಿನಿ’ ಎಂದು ಬರೆದು ಸಹಿ ಹಾಕಿದರು. ‘ಇಬ್ಬರೂ ಒಬ್ಬಳೇ’ ಎನ್ನುವುದು ವ್ಯಾಕರಣಕ್ಕೆ ಸರಿಹೋಗುವುದಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಹೊರಗೆ ಬಂದ ಮೇಲೆ ತಾತ ಕಾಫಿಗೆ ಹೇಳಲು ಮುಂದೆ ಹೋದರು. ನಾನು ಹುಡುಗಿಯ ಕೈ ಹಿಡಿದುಕೊಂಡು, ‘ನನ್ನಿಂದ ತಪ್ಪಾಯ್ತು ಕಣಮ್ಮಿ, ಕ್ಷಮಿಸು’ ಅಂದೆ. ವಿದ್ಯಾರ್ಥಿಗಳ ಹತ್ತಿರ ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ.

‘ಅಯ್ಯೋ, ಹಂಗನ್ಬೇಡಿ ಮಿಸ್’ ಅಂದಳು. ‘ಅವತ್ತು ನೀವು ಬರೆದಾಗ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಚಿನ್ನದ ಬಳ್ಳಿ ಅಂದ್ರಲ್ಲ. ಅಲ್ಲಿಗಂಟ ನನ್ನೆಸ್ರುಗೆ ಅರ್ಥ ಅದೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ. ಮನೆಗೆ ಹೋಗಿ ಎಲ್ರಿಗೂ ಹೇಳ್ದೆ. ತಾತ ಅಂತೂ ಸಿಕ್ಕಿದೋರ್ಗೆಲ್ಲ, ನಮ್ಮ ಏಮಲತ ಅಂದ್ರೆ ಚಿನ್ನ ಕಣ್ಲಾ ಅಂತ ಊರ್ ತುಂಬ ಹೇಳ್ಕಂಡ್ ಬಂತು.’ ಅಷ್ಟು ಮಾತಿನಲ್ಲಿ ಅವಳ ಒಂದೆರಡು ಹಕಾರ ಎಲ್ಲಿಯೋ ಬಿದ್ದುಹೋಗಿದ್ದವು. ನನಗೆ ಅವಳು ಮೊದಲಿಗಿಂತ ಮುದ್ದಾಗಿ ಕಂಡಳು.

ಪರಿಶೀಲನೆ ಶುಕ್ರವಾರ ತೊಂದರೆಯಿಲ್ಲದೆ ಮುಗಿಯಿತು. ಸೈಬರ್ ಸೆಂಟರಿನ ಅಕ್ಕ, ಆಪ್ಷನ್ ಎಷ್ಟು ಬೇಕಾದರೂ ತುಂಬಬಹುದು, ನಾಲ್ಕಾರು ಊರು ಹಾಕು ಎಂದು ಹೇಳಿದರೂ ಇವಳು ಒಂದೇ ಸಾಲು ತುಂಬಿದಳು. ಅಣಕು ಹಂಚಿಕೆಯ ದಿನ ಫೋನ್ ಮಾಡಿ, ‘ಸೀಟು ಹಂಚಿಕೆಯಾಗಿಲ್ಲ ಅಂತ ಬಂದದೆ ಮಿಸ್’ ಎಂದಳು. ಹಾಗೆ ಹೇಳಿದವಳು ಅಳಲಿಲ್ಲ. ‘ಇದು ಅಣಕು ತಾನೇ, ಮುಂದಿನೋರು ಬೇರೆ ಕಡೆ ಹೋದ್ರೆ ನಂಗೆ ಬತ್ತದೆ’ ಎಂದು ನನಗೇ ಸಮಾಧಾನ ಹೇಳಿದಳು. ಆ ಹತ್ತು ಹನ್ನೆರಡು ದಿನ ನಾನು ಶಾಲೆಯಲ್ಲಿ ಪಾಠ ಹೇಳಿದ್ದು ಏನೋ ನನಗೆ ನೆನಪಿಲ್ಲ. ತಾಯಿಯಾಗಿ ನನ್ನ ಮಗನ ಪರೀಕ್ಷೆಗೂ ನಾನು ಅಷ್ಟು ಒದ್ದಾಡಿರಲಿಲ್ಲ. ‘ತಿದ್ದಿದ್ದು ಒಂದಕ್ಷರ, ಅನುಭವಿಸ್ತಿರೋದು ಒಂದು ಪುಸ್ತಕ’ ಎಂದು ಯಜಮಾನರು ರೇಗಿಸಿದರು. ಅವರಿಗೆ ಆ ಹಳೆಯ ಪತ್ರದ ಸಿಟ್ಟು ಇನ್ನೂ ಇದೆ.

ನಿಜವಾದ ಹಂಚಿಕೆ ಬಂದದ್ದು ಒಂದು ಸಂಜೆ. ನಾನು ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಫೋನಿನಲ್ಲಿ ಅವಳು ಪರದೆಯ ಮೇಲಿದ್ದದ್ದನ್ನು ಒಂದೊಂದಾಗಿ ಓದಿದಳು. ಕಾಲೇಜು, ಚಾಮರಾಜನಗರ. ವಿಭಾಗ, ಸಿವಿಲ್. ಆಮೇಲೆ ಯಾವ ವರ್ಗದಲ್ಲಿ ಸೀಟು ಎನ್ನುವ ಸಂಕೇತ. ‘ಅದರ ಕೊನೇಲಿ ಒಂದು ಆರ್ ಅಕ್ಷರ ಅದೆ ಮಿಸ್. ಆರ್ ಅಂದ್ರೆ ರೂರಲ್. ಹಳ್ಳೀದು. ಅದ್ರಿಂದಲೇ ಸಿಕ್ಕಿದ್ದು’ ಎಂದಳು. ನಾನು ಅವರೆಕಾಳಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

‘ತಾತ ಮಾತಾಡ್ಬೇಕಂತೆ’ ಎಂದು ಫೋನ್ ಕೊಟ್ಟಳು.

‘ಮಿಸ್ಸೂ, ಸಿಕ್ಬುಡ್ತಂತೆ ಕಣ್ರವ್ವ’ ಎಂದರು. ಆಚೆ ಕಡೆ ಜನ ಸೇರಿದ್ದ ಸದ್ದು ಕೇಳುತ್ತಿತ್ತು, ಯಾರೋ ಸಕ್ಕರೆ ಕೇಳುತ್ತಿದ್ದರು. ತಾತ ಮಿಕ್ಕವರಿಗೆ ಕೇಳಬಾರದೆಂದು ದನಿ ತಗ್ಗಿಸಿ, ಬಹಳ ದಿನದಿಂದ ತಲೆಯಲ್ಲಿಟ್ಟುಕೊಂಡಿದ್ದ ಅನುಮಾನವೊಂದನ್ನು ಕೇಳಿದರು.

‘ಅದ್ಸರಿ ಮಿಸ್ಸು, ಸೀಟು ಬಂದಿರದು ಯಾರ್ಗೆ? ನಮ್ಮ ಏಮಲತಂಗಾ, ನಿಮ್ಮ ಏಮಲತಂಗಾ?’

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

‘ನಮ್ಮ ಏಮಲತಂಗೇ ಕಣ ತಾತ’ ಅಂದೆ.